ಎಪ್ಪತ್ತೆರಡು ಬಾರದ ನೀರು

ಬೇರೆಯವರಿಗೆ ಕಲಿಸುವ ಎಷ್ಟೋ ಕೆಲಸಗಳನ್ನು ಮಾಸ್ತರರು ತಾವು ಒಮ್ಮೆಯೂ ನೆಟ್ಟಗೆ ಮಾಡಿರುವುದಿಲ್ಲ. ನಮ್ಮೂರು ಘೋಣಸಗಿಯಲ್ಲಿ ನನಗೆ ಈಜು ಕಲಿಸಿದ ಸೋದರಮಾವ ಬಾವಿಯ ಮೆಟ್ಟಿಲ ಮೇಲೆ ಧೋತರ ಎತ್ತಿ ಹಿಡಿದು ಕೂತು, ಕೈ ಹೀಗೆ ಬೀಸು, ಕಾಲು ಹಾಗೆ ಬಡಿ ಎಂದು ಕೂಗುತ್ತಿದ್ದ. ಅವನಿಗೆ ಈಜು ಬರುವುದಿಲ್ಲವೆಂದು ತಿಳಿಯುವಷ್ಟರಲ್ಲಿ ನಾನು ಕಲಿತಾಗಿತ್ತು. ಎಪ್ಪತ್ತರ ದಶಕದಲ್ಲಿ ವಿಜಾಪುರದ ಒಂದು ಕಾಲೇಜಿಗೆ ಭೌತಶಾಸ್ತ್ರದ ಪ್ರಯೋಗ ಮಾಡಿಸುವ ಹೊಸ ಮಾಸ್ತರನಾಗಿ ಸೇರಿದಾಗ, ನೀರಿನ ಮೇಲ್ಮೈ ಎಳೆತದ ಮಟ್ಟಿಗೆ ನಾನೂ ಅಂಥ ಮಾವನೇ.

ಮೇಲ್ಮೈ ಎಳೆತವೆಂದರೆ ಗಾಬರಿಯಾಗಬೇಡಿ. ತಂಬಿಗೆ ಅಂಚಿನವರೆಗೆ ತುಂಬಿದ ಮೇಲೂ ನೀರು ತಕ್ಷಣ ಚೆಲ್ಲದೆ ತುಸು ಉಬ್ಬಿ ನಿಲ್ಲುತ್ತದಲ್ಲ, ಆ ಬಿಗಿತ. ಅದನ್ನು ಅಳೆಯಲು ಬಹಳ ಸಣ್ಣ ತೂತಿನ ಗಾಜಿನ ಕೊಳವೆಯನ್ನು ನೀರಿನಲ್ಲಿ ನಿಲ್ಲಿಸಬೇಕು. ನೀರು ತಾನಾಗಿ ಒಳಗೆ ಏರುತ್ತದೆ. ಎಷ್ಟು ಏರಿತೆಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಲೆಕ್ಕ ಹಾಕಬೇಕು. ಉತ್ತರ ಸೆಂಟಿಮೀಟರಿಗೆ ಎಪ್ಪತ್ತೆರಡು ಡೈನ್, ಪುಸ್ತಕದಲ್ಲೇ ಇದೆ. ವಿದ್ಯಾರ್ಥಿಯಾಗಿದ್ದಾಗ ನಾನು ಎಪ್ಪತ್ತೆರಡರಿಂದ ಹಿಂದಕ್ಕೆ ಲೆಕ್ಕ ಮಾಡುತ್ತ ಹೋಗಿ, ನೀರು ಎಷ್ಟು ಏರಬೇಕಿತ್ತೋ ಅಷ್ಟನ್ನು ಬರೆದಿದ್ದೆ. ನನ್ನ ವಿದ್ಯಾರ್ಥಿಗಳೂ ಜಾಣರು, ನಾನು ಹೇಳಿಕೊಡದೆಯೇ ಆ ದಾರಿ ಹಿಡಿದಿದ್ದರು.

ರಜಿಯಾ ಒಬ್ಬಳು ಹಿಡಿಯಲಿಲ್ಲ. ಸಿದ್ಧೇಶ್ವರ ಗುಡಿಯ ಹತ್ತಿರ ಅಂಗಡಿ ಇಟ್ಟಿದ್ದ ದರ್ಜಿಯ ಮಗಳು. ಮಾತು ಕಡಿಮೆ. ವಾರ್ಷಿಕ ಪರೀಕ್ಷೆಗೆ ಎಂಟು ದಿನ ಇರುವಾಗ ಪ್ರಯೋಗಗಳನ್ನು ಬರೆದ ಜರ್ನಲ್ ತಂದು ನನ್ನೆದುರು ಇಟ್ಟಳು. ಅದಕ್ಕೆ ನನ್ನ ಸಹಿ ಬೀಳದಿದ್ದರೆ ಅವಳು ಪರೀಕ್ಷೆಗೆ ಕೂಡುವಂತಿರಲಿಲ್ಲ. ನೋಡಿದರೆ ಉತ್ತರ ಐವತ್ತೊಂದು.

"ಎಲ್ಲಾರಿಗೂ ಎಪ್ಪತ್ತೆರಡ ಬಂದೈತಿ. ನಿಂದೊಂದ ನೀರು ಬ್ಯಾರೇ ಏನವಾ?" ಎಂದೆ.

"ಮೂರ ಸಲ ಮಾಡೇನ್ರಿ ಸರ. ಅಷ್ಟ ಬರಾಕತ್ತೈತ್ರಿ."

"ಹಂಗಾರ ಒಂದೀಟು ತಿದ್ದಿ ಬರಿ."

ಅವಳು ತಲೆ ತಗ್ಗಿಸಿಯೇ ಹೇಳಿದಳು: "ನಮ್ಮಪ್ಪ ಅಳತಿ ತಗೊಂಡ ಮ್ಯಾಲ ತಿದ್ದೂದಿಲ್ರಿ. ದಪ್ಪ ಇದ್ದವ್ರಿಗೆ ತೆಳ್ಳಗ ಅಳತಿ ಬರದ್ರ ಅಂಗಿ ಮೈಯಾಗ ಹೋಗೂದಿಲ್ಲ ಅಂತಾರ್ರಿ."

ನನಗೆ ಸಿಟ್ಟು ಬಂತು. ದರ್ಜಿಯ ಅಂಗಡಿಗೂ ವಿಜ್ಞಾನಕ್ಕೂ ಏನು ಸಂಬಂಧ? ಎಪ್ಪತ್ತೆರಡು ಬರುವ ತನಕ ಸಹಿ ಇಲ್ಲ ಎಂದುಬಿಟ್ಟೆ. ಅವಳು ಅಳಲಿಲ್ಲ, ಜರ್ನಲ್ ಎತ್ತಿಕೊಳ್ಳಲೂ ಇಲ್ಲ. "ನೀವ ಒಮ್ಮೆ ಮಾಡಿ ತೋರಸ್ರಿ ಸರ," ಎಂದಳು. ಉಳಿದವರೆಲ್ಲ ಮೇಜಿನ ಸುತ್ತ ನೆರೆದರು. ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ.

ಮಾಡಿದೆ. ನಲವತ್ತಮೂರು ಬಂತು. ಕೊಳವೆಯನ್ನು ಬೆರಳಿನಿಂದ ಚೆನ್ನಾಗಿ ಒರೆಸಿ ಮತ್ತೆ ಮಾಡಿದೆ. ಮೂವತ್ತೊಂಬತ್ತು. ನಾನು ಮಾಡಿದಷ್ಟೂ ನೀರು ಕೆಳಗಿಳಿಯತೊಡಗಿತು. ಯಾರೋ ಹಿಂದಿನಿಂದ ಕಿಸಕ್ಕೆಂದರು.

ಪ್ರಯೋಗಶಾಲೆಯ ಗಾಜಿನ ಸಾಮಾನು ತೊಳೆದಿಡುತ್ತಿದ್ದ ಹುಸೇನಸಾಬರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನನ್ನ ತಂದೆಯ ವಯಸ್ಸು. ಹತ್ತಿರ ಬಂದು ಮೆಲ್ಲಗೆ ಅಂದರು: "ಸಿಟ್ಟಾಗಬ್ಯಾಡ್ರಿ ಸರ. ನೀರಿನ ಮ್ಯಾಲ ಎಣ್ಣಿ ತೇಲಾಕತ್ತೈತ್ರಿ."

ಬಗ್ಗಿ ನೋಡಿದೆ. ನಿಜವಾಗಿಯೂ ನೀರಿನ ಮೇಲೆ ಬಣ್ಣಬಣ್ಣದ ಪೊರೆ. ಅವ್ವ ಊರಿನಿಂದ ಕಳಿಸುತ್ತಿದ್ದ ಕುಸುಬಿ ಎಣ್ಣೆಯನ್ನು ನಾನು ದಿನಾ ತಲೆಗೆ ಧಾರಾಳವಾಗಿ ಹಚ್ಚುತ್ತಿದ್ದೆ. ಯೋಚನೆಗೆ ಬಿದ್ದಾಗ ತಲೆ ಸವರಿಕೊಳ್ಳುವುದು ನನ್ನ ಚಟ. ಆ ಕೈಯಲ್ಲೇ ಕೊಳವೆ ಹಿಡಿದು ಎಲ್ಲರಿಗೂ ಪ್ರಯೋಗ ವಿವರಿಸುತ್ತಿದ್ದೆ. ಎಣ್ಣೆ ಬಿದ್ದರೆ ನೀರಿನ ಬಿಗಿತ ಕುಸಿಯುತ್ತದೆ. ಅದೂ ಪುಸ್ತಕದಲ್ಲೇ ಇದೆ.

"ಎಂದಿನಿಂದ ನೋಡಾಕತ್ತೀರಿ ಇದನ್ನ?" ಎಂದು ಕೇಳಿದೆ.

"ನೀವು ಬಂದಾಗಿಂದ್ರಿ."

"ಮತ್ತ ಹೇಳಬಾರದಾಗಿತ್ತೇನ್ರಿ?"

"ಎಲ್ಲಾರಿಗೂ ಎಪ್ಪತ್ತೆರಡ ಬರ್ತಿತ್ತಲ್ರಿ. ಎಣ್ಣಿ ಇದ್ರೂ ನಡೀತೈತಿ ಅಂತ ತಿಳಕೊಂಡಿದ್ನಿ," ಎಂದರು ಹುಸೇನಸಾಬರು, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದಂತೆ.

ಸಾಬಾಣ ಹಚ್ಚಿ ಕೈ ತೊಳೆದೆ. ಸಾಬಾಣ ಉಳಿದರೂ ಅಳತೆ ಕೆಡುತ್ತದೆಂದು ಅವರೇ ನಾಲ್ಕು ತಂಬಿಗೆ ನೀರು ಹಾಕಿಸಿದರು. ನೀರು ಬದಲಿಸಿ ಹೊಸ ಕೊಳವೆ ಕೊಟ್ಟೆವು. ರಜಿಯಾ ಮಾಡಿದಳು, ಎಪ್ಪತ್ತು ಬಂತು. ಪುಸ್ತಕಕ್ಕೆ ಎರಡು ಕಡಿಮೆ. ಈ ಸಲ ತಿದ್ದು ಎನ್ನುವ ಧೈರ್ಯ ನನಗಾಗಲಿಲ್ಲ. ಅವಳು ಐವತ್ತೊಂದನ್ನು ಹೊಡೆದು ಹಾಕದೆ, ಅದರ ಪಕ್ಕದಲ್ಲಿ "ಕೊಳವೆಗೆ ಎಣ್ಣೆ ಹತ್ತಿತ್ತು" ಎಂದು ಬರೆದಳು. ಯಾರ ಎಣ್ಣೆ ಎಂದು ಬರೆಯಲಿಲ್ಲ. ಆ ಉಪಕಾರಕ್ಕೆ ಪ್ರತಿಯಾಗಿ ಎಂಬಂತೆ ನಾನು ದೊಡ್ಡದಾಗಿ ಸಹಿ ಹಾಕಿದೆ. ಅವಳು ಪರೀಕ್ಷೆಗೆ ಕೂತು, ಒಳ್ಳೆಯ ಅಂಕಗಳಿಂದಲೇ ಪಾಸಾದಳು.

ನನಗೂ ಹುರುಪು ಬಂದಿತ್ತು. ಮುಂದಿನ ವರ್ಷದ ತಂಡಕ್ಕೆ ಮೊದಲ ದಿನವೇ ಹೇಳಿದೆ: ಬಂದದ್ದನ್ನೇ ಬರೆಯಿರಿ. ಒಬ್ಬರಿಗೆ ಅರವತ್ತಾರು, ಒಬ್ಬರಿಗೆ ಎಪ್ಪತ್ತೈದು, ಬಬಲೇಶ್ವರದ ಹುಡುಗನೊಬ್ಬನಿಗೆ ನೂರಾ ನಾಲ್ಕು. ತಿಂಗಳೊಳಗೆ ಪ್ರಿನ್ಸಿಪಾಲರು ಜರ್ನಲ್‌ಗಳ ರಾಶಿ ಮುಂದಿಟ್ಟುಕೊಂಡು ನನ್ನನ್ನು ಕರೆಸಿದರು.

"ಹ್ವಾದ ವರ್ಷ ಎಲ್ಲಾರಿಗೂ ಬರೋಬ್ಬರಿ ಉತ್ತರ ಬರ್ತಿತ್ತು. ಈಗ ಒಬ್ಬರಿಗೂ ಬರವಲ್ದು. ನಡುವ ನೀವು ಏನ್ ಮಾಡೀರಿ?"

"ಕೈ ತೊಳಕೊಂಡೇನ್ರಿ ಸರ," ಎಂದೆ.

ಅವರು ಕನ್ನಡಕ ತೆಗೆದು, ನೊಂದ ದನಿಯಲ್ಲಿ ಅಂದರು: "ಹಂಗ ಇಷ್ಟ ಲಗೂನ ಕೈ ತೊಳಕೊಂಡ್ರ ಹೆಂಗ್ರಿ? ಇನ್ನೂ ಮೂವತ್ತು ವರ್ಷ ಕಲಸೂದೈತಿ ನೀವು."