ಕೆರೆಯ ಕಲ್ಲು ಮತ್ತು ಬೀಳುವ ಗಣಕಯಂತ್ರ

ಎರಡನೆಯ ಸಾಕ್ಷಿಯಿಲ್ಲದ ಯಾವ ತಾರೀಖನ್ನೂ ನಂಬಬಾರದೆಂಬುದು ಶಾಸನ ಓದುವ ನನ್ನ ವೃತ್ತಿ ನನಗೆ ಕಲಿಸಿದ ಪಾಠ. ನಿವೃತ್ತನಾದ ಮೇಲೆ ಅದು ಪಾಠವಾಗಿ ಉಳಿಯದೆ ರೋಗವಾಗಿದೆ ಎಂಬುದು ನನ್ನ ಪತ್ನಿ ನೀಲಮ್ಮನ ಅಭಿಪ್ರಾಯ. ಶಾಲೆಯ ದಾಖಲೆಯ ಪ್ರಕಾರ ನಾನು ಜೂನ್ ಒಂದರಂದು ಹುಟ್ಟಿದವನು. ಆದರೆ ನನ್ನ ತರಗತಿಯ ಮುಕ್ಕಾಲು ಹುಡುಗರೂ ಅದೇ ದಿನ ಹುಟ್ಟಿದವರಾದ್ದರಿಂದ ಆ ಸಾಕ್ಷ್ಯವನ್ನು ಬಹಳ ಹಿಂದೆಯೇ ತಳ್ಳಿಹಾಕಿದ್ದೇನೆ. ನಮ್ಮವ್ವ ಹೇಳುತ್ತಿದ್ದ ಪ್ರಕಾರ ನಾನು ಹುಟ್ಟಿದ್ದು ಶೇಂಗಾ ಕೀಳುವ ದಿನಗಳಲ್ಲಿ, ಕುರ್ತಕೋಟಿಯ ಅತ್ತೆ ನಮ್ಮ ಮನೆಗೆ ಬಂದಿದ್ದಾಗ. ಅತ್ತೆಯನ್ನು ವಿಚಾರಿಸಿದರೆ ತಾನು ಬಂದದ್ದು ಜೋಳದ ಸುಗ್ಗಿ ಮುಗಿದ ಮೇಲೆ ಎನ್ನುತ್ತಿದ್ದಳು. ಸಾಕ್ಷಿಗಳ ಹೇಳಿಕೆಗಳಲ್ಲಿ ಪರಸ್ಪರ ವಿರೋಧ ಕಂಡುಬಂದುದರಿಂದ ಆ ಪ್ರಶ್ನೆಯನ್ನು ಮುಕ್ತವಾಗಿಯೇ ಇಟ್ಟಿದ್ದೇನೆ. ಹುಟ್ಟಿದ್ದೇನೆ ಎಂಬಷ್ಟನ್ನು ಮಾತ್ರ ಸದ್ಯಕ್ಕೆ ಒಪ್ಪಿಕೊಂಡಿದ್ದೇನೆ. ಇಂಥವನ ಮನೆಗೆ, ಯಾವ ಆಧಾರವನ್ನೂ ಉಲ್ಲೇಖಿಸದೆ ಪರದೆಯ ಮೂಲೆಯಲ್ಲಿ ತಾರೀಖು ತೋರಿಸುವ ಯಂತ್ರವೊಂದು ಬಂದು ಕುಳಿತರೆ ನೆಮ್ಮದಿ ಎಲ್ಲಿಂದ ಬಂದೀತು?

ಅದು ಬಂದದ್ದು ಒಂದು ಕಲ್ಲಿನ ಕಾರಣದಿಂದ. ಶಿರಹಟ್ಟಿಯ ಆಚೆಗಿನ ಒಂದು ಊರಿನ ಕೆರೆಯ ಏರಿಯ ಮೇಲೆ ಅರ್ಧ ಒಡೆದ ಶಾಸನವೊಂದಿದೆ. ಊರಿನವರು ಸೇರಿ ಕೆರೆಯ ಹೂಳೆತ್ತಿಸಿ, ಅದನ್ನು ನೋಡಿಕೊಳ್ಳುವವನಿಗೆ ಸ್ವಲ್ಪ ಭೂಮಿ ಬಿಟ್ಟ ಸಂಗತಿ ಅದರಲ್ಲಿದೆ. ವರ್ಷದ ಸಂಖ್ಯೆಯೂ ಸ್ಪಷ್ಟವಾಗಿದೆ. ಜಗಳವಿರುವುದು ಆ ಸಂಖ್ಯೆಯನ್ನು ಎಣಿಸುವ ಕ್ರಮದಲ್ಲಿ. ಒಬ್ಬನ ವಯಸ್ಸು ಕೇಳಿದರೆ 'ಎಪ್ಪತ್ತು ತುಂಬಿದೆ' ಎಂದೂ ಹೇಳಬಹುದು, 'ಎಪ್ಪತ್ತೊಂದು ನಡೆಯುತ್ತಿದೆ' ಎಂದೂ ಹೇಳಬಹುದು. ಶಾಸನಗಳಲ್ಲೂ ಹೀಗೆಯೇ: ಕೆಲವರು ಮುಗಿದ ವರ್ಷವನ್ನು ಬರೆಯುತ್ತಾರೆ, ಕೆಲವರು ನಡೆಯುತ್ತಿರುವ ವರ್ಷವನ್ನು. ಈ ಕಲ್ಲಿನದು ನಡೆಯುತ್ತಿರುವ ವರ್ಷ ಎಂಬುದು ನನ್ನ ವಾದ. ಮುಗಿದ ವರ್ಷ ಎಂಬುದು ಮುಂಡರಗಿಯ ಗುರುಪಾದಪ್ಪನ ವಾದ. ಗುರುಪಾದಪ್ಪ ನಿವೃತ್ತ ಪ್ರಾಧ್ಯಾಪಕ, ನನ್ನ ನಾಲ್ಕು ದಶಕಗಳ ಸ್ನೇಹಿತ. ನಾವು ಒಂದೇ ಅಭಿಪ್ರಾಯಕ್ಕೆ ಬಂದ ವಿಷಯವೆಂದರೆ ಚಹಾಕ್ಕೆ ಸಕ್ಕರೆ ಕಡಿಮೆ ಇರಬೇಕೆಂಬುದೊಂದೇ. ವ್ಯತ್ಯಾಸ ಕೇವಲ ಒಂದು ವರ್ಷದ್ದು. ಒಂದು ವರ್ಷವೇನು ಮಹಾ ಎನ್ನುವವರು ದಯವಿಟ್ಟು ಈ ಕ್ಷೇತ್ರಕ್ಕೆ ಬರಬಾರದು.

ಲಕ್ಷ್ಮೇಶ್ವರದ ಹಿರಿಯರೊಬ್ಬರು ಈ ಭಾಗದ ಶಾಸನಗಳ ಕುರಿತು ಸಂಕಲನವೊಂದನ್ನು ಸಿದ್ಧಪಡಿಸುತ್ತ, ನಮ್ಮಿಬ್ಬರ ಲೇಖನಗಳನ್ನೂ ಎದುರುಬದುರಾಗಿ ಅಚ್ಚು ಹಾಕುವುದಾಗಿ ಹೇಳಿದರು. ಗುರುಪಾದಪ್ಪನ ಲೇಖನ ತಲುಪಿಯೂ ಆಗಿತ್ತು. ನನ್ನದು ತಲುಪದಿದ್ದರೆ ಅವನ ವರ್ಷವೊಂದೇ ಅಚ್ಚಾಗುತ್ತದೆ. ಅಚ್ಚಾದ ವರ್ಷವನ್ನು ಅಳಿಸುವಷ್ಟು ಆಯುಷ್ಯ ನನಗೆ ಉಳಿದಿಲ್ಲ. ಆದರೆ ಸಂಪಾದಕರು ಕೈಬರಹವನ್ನು ಸ್ವೀಕರಿಸುವುದಿಲ್ಲ, ಗಣಕದಲ್ಲಿ ಟೈಪ್ ಮಾಡಿ ಕಳುಹಿಸಬೇಕು. ನನ್ನ ಕೈಬರಹಕ್ಕಿಂತ ಕೆರೆಯ ಕಲ್ಲಿನ ಅಕ್ಷರವೇ ವಾಸಿ ಎಂದು ಅವರು ಹೇಳಿದ್ದಾಗಿ ಗುರುಪಾದಪ್ಪ ನನಗೆ ತಿಳಿಸಿದ. ಇದಕ್ಕೂ ಎರಡನೆಯ ಸಾಕ್ಷಿ ದೊರೆತಿಲ್ಲ.

ಹೀಗಾಗಿ ಗದಗ ಪೇಟೆಯ ಇಮಾಮಸಾಬರಲ್ಲಿಗೆ ಹೋದೆ. ಅವರು ಮೊದಲು ರೇಡಿಯೊ, ಆಮೇಲೆ ಟೀವಿ, ಈಗ ಗಣಕಯಂತ್ರಗಳನ್ನು ದುರಸ್ತಿ ಮಾಡುವವರು. ಅಂಗಡಿಯ ಫಲಕದಲ್ಲಿ ಆ ಮೂರೂ ಹಂತಗಳು ಒಂದರ ಮೇಲೊಂದು ಬಣ್ಣದ ಪದರಗಳಾಗಿ ಇಂದಿಗೂ ಕಾಣುತ್ತವೆ. ಕಂಪನಿಯ ಸಿದ್ಧ ಯಂತ್ರ ಬೇಡ, ಬಿಡಿಭಾಗ ತಂದು ಜೋಡಿಸಿದರೆ ಗಟ್ಟಿಯೂ ಅಗ್ಗವೂ ಆಗುತ್ತದೆ ಎಂದರು. ಜೋಡಿಸಿಯೂ ಕೊಟ್ಟರು. ಅದು ನಮ್ಮ ಮನೆಗೆ ಬಂದು, ಮಲ್ಲಸಮುದ್ರ ಊರಿನ ಕಡೆಗಿನ ಕಿಟಕಿಯ ಪಕ್ಕದಲ್ಲಿ ಪ್ರತಿಷ್ಠಾಪಿತವಾಗಿ, ಕೆಲವು ದಿನ ಅತ್ಯಂತ ವಿಧೇಯವಾಗಿ ಕೆಲಸ ಮಾಡಿತು. ಬಳಿಕ ಒಂದು ಬೆಳಿಗ್ಗೆ, 'ನಡೆಯುತ್ತಿರುವ ವರ್ಷ' ಎಂಬ ಪದಗಳನ್ನು ನಾನು ಟೈಪ್ ಮಾಡಿದ ಕ್ಷಣದಲ್ಲಿಯೇ ಪರದೆ ನೀಲಿಯಾಗಿ, ಅದರ ಮೇಲೆ ದುಃಖದ ಮುಖವೊಂದು ಮೂಡಿ, ಯಂತ್ರ ತಾನಾಗಿಯೇ ಆರಿ ಮತ್ತೆ ಹೊತ್ತಿಕೊಂಡಿತು. ಎರಡು ಪುಟ ಹೋಗಿದ್ದವು.

ಫೋನಿನಲ್ಲಿ ಇದನ್ನು ಕೇಳಿದ ಗುರುಪಾದಪ್ಪ ಬಹಳ ಹೊತ್ತು ನಕ್ಕ. "ಯಂತ್ರಕ್ಕೂ ಖರೆ ಯಾವುದು ಅಂತ ತಿಳಿತೈತೋ ಮಾರಾಯಾ," ಎಂದ. "ನೀ ತಪ್ಪು ಬರದಿ, ಅದು ಬಿತ್ತು."

ನಾನು ಇಂಥ ಮಾತಿಗೆ ಬಗ್ಗುವವನಲ್ಲ. ವೈಜ್ಞಾನಿಕವಾಗಿ ಪರೀಕ್ಷಿಸಲೆಂದು ಆ ಪದಗಳನ್ನು ಬಿಟ್ಟು, ಶಿರಹಟ್ಟಿಯ ಬೀಗರಿಗೆ ಕ್ಷೇಮಸಮಾಚಾರದ ಪತ್ರವೊಂದನ್ನು ಟೈಪ್ ಮಾಡಿದೆ. ಯಂತ್ರ ಬೀಳಲಿಲ್ಲ. ಪುನಃ ಲೇಖನ ತೆರೆದೆ; ಬಿತ್ತು. ನನಗೆ ಒಳಗೊಳಗೇ ಸ್ವಲ್ಪ ಭಯವಾದದ್ದು ನಿಜ. ಆದರೆ ಮರುದಿನ ಬೀಗರ ಪತ್ರಕ್ಕೂ ಬಿತ್ತು. ಬೀಗರ ಕ್ಷೇಮದಲ್ಲಿ ಸುಳ್ಳೇನೂ ಇರಲಿಲ್ಲವಾದ್ದರಿಂದ ಗುರುಪಾದಪ್ಪನ ಸಿದ್ಧಾಂತ ಅಲ್ಲಿಗೇ ಬಿದ್ದುಹೋಯಿತು. ಅನಂತರ ನಾನು ನೀಲಿ ಪರದೆಯ ಪಾಠವನ್ನು ಓದಲು ತೊಡಗಿದೆ. ಪ್ರತಿ ಸಲವೂ ಅದರ ಚಿತ್ರ ತೆಗೆದುಕೊಂಡು ಅಕ್ಷರ ಅಕ್ಷರವಾಗಿ ನಕಲು ಮಾಡಿ ಪಾಠಾಂತರಗಳನ್ನು ಹೋಲಿಸಿದೆ. ಒಂದು ಸಲದ ಪಾಠದಂತೆ ಇನ್ನೊಂದು ಇರಲಿಲ್ಲ. ಒಂದರಲ್ಲಿ ಸ್ಮರಣೆಯ ದೋಷವೆಂದಿತ್ತು, ಇನ್ನೊಂದರಲ್ಲಿ ಮೇಲ್ವಿಚಾರಣೆಯ ದೋಷವೆಂದಿತ್ತು. ಈ ಎರಡು ದೋಷಗಳನ್ನು ನೀಲಮ್ಮ ನನ್ನಲ್ಲಿ ಮೊದಲೇ ಗುರುತಿಸಿದ್ದಳಾದ್ದರಿಂದ ಹೊಸ ಸಂಗತಿಯೇನೂ ತಿಳಿಯಲಿಲ್ಲ. ಯಂತ್ರ ಬಿದ್ದ ದಿನಗಳಲ್ಲಿ ಗೋಡೆಯ ಕ್ಯಾಲೆಂಡರಿನ ಮೇಲೆ ಕೆಂಪು ಗುರುತು ಹಾಕತೊಡಗಿದೆ. ಅಮಾವಾಸ್ಯೆಗೆ ಹೋಲಿಸಿ ನೋಡಿದೆ, ಸಂತೆಯ ದಿನಕ್ಕೆ ಹೋಲಿಸಿ ನೋಡಿದೆ, ಬಿಸಿಲಿಗೂ ಮೋಡಕ್ಕೂ ಹೋಲಿಸಿ ನೋಡಿದೆ. ಯಾವುದೂ ಹೊಂದಲಿಲ್ಲ.

ಇಮಾಮಸಾಬರೂ ನನ್ನಷ್ಟೇ ಗೊಂದಲಕ್ಕೊಳಗಾಗಿದ್ದರು. ಆಟೊದಲ್ಲಿ ತೊಡೆಯ ಮೇಲಿಟ್ಟುಕೊಂಡು ಅಂಗಡಿಗೆ ಒಯ್ದರೆ ಯಂತ್ರ ಅಲ್ಲಿ ದಿನವಿಡೀ ಬೀಳದೆ ನಡೆಯುವುದು. ಮನೆಗೆ ತಂದರೆ ಒಮ್ಮೆ ಬೀಳುವುದು, ಒಮ್ಮೆ ಇಲ್ಲ. ಅವರು ರ‍್ಯಾಮ್ ಎಂಬ ಸ್ಮರಣೆಯ ಪಟ್ಟಿ ಬದಲಿಸಿದರು, ವಿದ್ಯುತ್ತಿನ ಪೆಟ್ಟಿಗೆ ಬದಲಿಸಿದರು, ಫ್ಯಾನು ಬದಲಿಸಿದರು. ಕೊನೆಗೆ ಹೊಸ ಗಣಕದಲ್ಲಿ ಮೊದಲಿನದಾಗಿ ಉಳಿದದ್ದು ಅದರ ಡಬ್ಬಿ ಮಾತ್ರ. "ಸರ್, ತಪ್ಪು ತಿಳೀಬ್ಯಾಡ್ರಿ," ಎಂದು ಒಂದು ದಿನ ಸಂಕೋಚದಿಂದ ಕೇಳಿದರು, "ನೀವು ಇದರ ಮುಂದ ಕುಂತು ಬಯ್ಯತೀರೇನ್ರಿ?"

ಇದೇ ಅವಧಿಯಲ್ಲಿ ನನಗೆ ಬೆರಳ ತುದಿಗಳಲ್ಲಿ ಇರುವೆ ಹರಿದಂಥ ಜುಮುಜುಮು ಶುರುವಾಗಿತ್ತು. ವೈದ್ಯರು ವಯಸ್ಸು ಕೇಳಿದರು. ಆ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲವೆಂದು ವಿವರಿಸಿದೆ. ಅವರು ಹೆಚ್ಚು ವಿಚಾರಿಸದೆ ಬಿ-ಹನ್ನೆರಡರ ಗುಳಿಗೆ ಬರೆದುಕೊಟ್ಟರು. ಗುಳಿಗೆಯಿಂದ ಕೆಲವು ದಿನ ಗುಣವಾಗುತ್ತಿತ್ತು, ಮತ್ತೆ ಮರಳುತ್ತಿತ್ತು. ಶರೀರವೂ ಯಂತ್ರವೂ ಒಂದೇ ರೀತಿ ವರ್ತಿಸುತ್ತಿರುವುದನ್ನು ಕಂಡು ನನಗೆ ಒಂದು ಬಗೆಯ ತಾತ್ತ್ವಿಕ ವಿಷಾದ ಉಂಟಾಗಿತ್ತು.

ಒಂದು ಮಧ್ಯಾಹ್ನ ಯಂತ್ರ ಬಿದ್ದಿತ್ತು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ರೊಟ್ಟಿ ಬಡಿಯುತ್ತಿದ್ದ ನೀಲಮ್ಮ ತಲೆಯೆತ್ತದೆಯೇ, "ನೀರು ಬಂದು ಐದ ದಿನ ಆತಲ್ಲ, ಅದಕ ಬಂದು ನಿಂತೀರಿ," ಎಂದಳು.

ಇದನ್ನು ಸ್ವಲ್ಪ ವಿವರಿಸಬೇಕು. ನಮ್ಮ ಓಣಿಗೆ ನಲ್ಲಿಯ ನೀರು ದಿನವೂ ಬರುವುದಿಲ್ಲ. ವಾರಕ್ಕೋ ಹತ್ತು ದಿನಕ್ಕೋ ಬಂದಾಗ ಕೊಡ, ಬಿಂದಿಗೆ, ಹಂಡೆ, ಪಾತೇಲಿ ಎಲ್ಲ ತುಂಬಿ, ಹಿತ್ತಿಲ ಟಾಕಿಯೂ ತುಂಬಿ ಚೆಲ್ಲಿದ ಮೇಲೆಯೇ ಹೆಂಗಸರು ಉಸಿರು ಬಿಡುವುದು. ಓಣಿಯ ಕಾಲಗಣನೆ ನಡೆಯುವುದೇ ಇದರಿಂದ. ಮದುವೆಗೆ ಹೋಗಿಬಂದದ್ದು ಯಾವಾಗ ಎಂದರೆ ನೀರು ಬಂದು ಎರಡು ದಿನಕ್ಕೆ ಎನ್ನುತ್ತಾರೆ. ಶಕ, ವಿಕ್ರಮ ಮುಂತಾದ ಎಲ್ಲ ಗಣನೆಗಳನ್ನು ಬಲ್ಲ ನಾನು ಈ ಗಣನೆಯನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ನೀಲಮ್ಮನ ಅವಲೋಕನ ಹೀಗಿತ್ತು: ನೀರು ಬಂದ ಹೊಸದರಲ್ಲಿ ನಾನು ಯಂತ್ರದ ಮುಂದಿನಿಂದ ಏಳುವುದೇ ಇಲ್ಲ, ಕೊಡ ಹಿಡಿಯಲು ಕರೆದರೂ ಬರುವುದಿಲ್ಲ. ಐದು ದಿನವಾಯಿತೆಂದರೆ ಯಂತ್ರ ಬಿತ್ತೆಂದು ಕರೆಯದೆಯೇ ಬಂದು ಅಡ್ಡ ನಿಲ್ಲುತ್ತೇನೆ. ಮತ್ತೆ ನೀರು ಬರುವವರೆಗೂ ಆಕೆಗೆ ನನ್ನಿಂದ ಬಿಡುಗಡೆಯಿಲ್ಲ.

ಸ್ವತಂತ್ರ ಸಾಕ್ಷ್ಯವೊಂದು ದೊರೆತ ಸಂತೋಷದಿಂದ ಕ್ಯಾಲೆಂಡರಿನ ಬಳಿಗೆ ಹೋದೆ. ನೀರು ಬಂದ ದಿನಗಳನ್ನು ಆಕೆಯಿಂದಲೇ ಕೇಳಿ, ಪಕ್ಕದ ಮನೆಯವರಿಂದ ಖಚಿತಪಡಿಸಿಕೊಂಡು ಗುರುತು ಮಾಡಿದೆ. ನೀರು ಬಂದದ್ದು ಒಂದನೆಯ ದಿನ, ಅದರ ಮರುದಿನ ಎರಡನೆಯದು. ಹೀಗೆ ಎಣಿಸುತ್ತ ಬಂದೆ. ಐದನೆಯ ದಿನ ಒಂದೇ ಒಂದು ಕೆಂಪು ಗುರುತೂ ಇರಲಿಲ್ಲ. ಗುರುತುಗಳೆಲ್ಲ ಆರನೆಯ ದಿನದಿಂದ ಆರಂಭವಾಗುತ್ತಿದ್ದವು. ಒಂದು ಸಲವಲ್ಲ, ಪ್ರತಿ ಸಲವೂ. ಒಂದು ದಿನದ ವ್ಯತ್ಯಾಸವಿರುವ ಊಹೆಯನ್ನು ಒಪ್ಪುವಂತಿಲ್ಲವೆಂದು ನೀಲಮ್ಮನಿಗೆ ವಿನಯದಿಂದಲೇ ತಿಳಿಸಿದೆ. ಆಕೆ ರೊಟ್ಟಿ ತಿರುವಿ ಹಾಕಿದಳು.

ಆ ವಾರದ ಕೊನೆಗೆ ಇಮಾಮಸಾಬರು ಬೇರೆ ದಾರಿ ಕಾಣದೆ ಯಂತ್ರವನ್ನು ಮನೆಯಲ್ಲಿಯೇ ನೋಡಲು ಬಂದರು. ಡಬ್ಬಿಯ ಮೇಲೆ ಕೈಯಿಟ್ಟವರು ಫಕ್ಕನೆ ತೆಗೆದರು. "ಸರ್, ಇದು ಜುಮ್ ಅಂತೈತಲ್ರಿ."

ಅದು ಯಂತ್ರದಲ್ಲ, ಬಿ-ಹನ್ನೆರಡರ ಕೊರತೆ ಎಂದೆ.

"ಹಂಗಾರ ನನಗೂ ಐತೇನ್ರಿ?" ಎಂದರು ಅವರು.

ಮನೆಯ ವಿದ್ಯುತ್ತಿಗೆ ನೆಲದ ಸಂಪರ್ಕ ಕೊಡುವ ತಂತಿ ಎಲ್ಲಿ ಹೋಗುತ್ತದೆಂದು ಅವರು ಹುಡುಕುತ್ತ ಹಿತ್ತಿಲಿಗೆ ಹೋದರು. ಟಾಕಿಯ ಪಕ್ಕದಲ್ಲಿ ಅದರ ಕೊಳವೆ ಹೂಳಲ್ಪಟ್ಟಿತ್ತು. ಸುತ್ತಲಿನ ಎರೆಮಣ್ಣು ಒಣಗಿ ಬಾಯಿಬಿಟ್ಟು, ಕೊಳವೆಗೂ ಮಣ್ಣಿಗೂ ನಡುವೆ ಬೆರಳು ತೂರುವಷ್ಟು ಬಿರುಕಾಗಿತ್ತು. ಟಾಕಿ ತುಂಬಿ ಚೆಲ್ಲಿದಾಗ ಆ ಮಣ್ಣು ಹಸಿಯಾಗಿ ಉಬ್ಬಿ ಕೊಳವೆಯನ್ನು ಹಿಡಿದುಕೊಳ್ಳುವುದು. ಕೆಲವು ದಿನಗಳಲ್ಲಿ ಒಣಗಿ ಬಿಟ್ಟುಕೊಡುವುದು. ಆಗ ಹೊರಹೋಗಬೇಕಾದ ವಿದ್ಯುತ್ತು ದಾರಿಯಿಲ್ಲದೆ ಡಬ್ಬಿಯಲ್ಲಿಯೇ ನಿಂತು, ಯಂತ್ರವನ್ನು ಕೆಡವುವುದು, ನನ್ನ ಬೆರಳಿಗೂ ತಾಗುವುದು. ಇಮಾಮಸಾಬರು ಒಂದು ಕೊಡ ನೀರು ಕೇಳಿದರು. ನೀಲಮ್ಮ ಅವರ ಮುಖವನ್ನೂ ಕೊಡವನ್ನೂ ಎರಡೆರಡು ಸಲ ನೋಡಿ, ಅದು ನನ್ನ ಸ್ನಾನದ ನೀರೆಂದು ಸ್ಪಷ್ಟಪಡಿಸಿ ಕೊಟ್ಟಳು. ಇಮಾಮಸಾಬರು ಅದನ್ನು ಬಿರುಕಿಗೆ ಸುರಿದರು. ಯಂತ್ರ ಅಂದು ಬೀಳಲಿಲ್ಲ, ಮರುದಿನವೂ ಬೀಳಲಿಲ್ಲ. ಬಿ-ಹನ್ನೆರಡನ್ನು ನಿಲ್ಲಿಸಿದೆ.

ಕಾರಣವೇನೋ ತಿಳಿಯಿತು, ಆದರೆ ನನ್ನ ಗೊಂದಲ ಹೆಚ್ಚಿತು. ನೀಲಮ್ಮನ ಊಹೆ ಸರಿಯಾಗಿದ್ದರೆ ತಾರೀಖು ಏಕೆ ಹೊಂದಲಿಲ್ಲ? ಸತ್ಯಕ್ಕೂ ಕ್ಯಾಲೆಂಡರಿಗೂ ಒಂದು ದಿನದ ವೈಮನಸ್ಯ ಎಲ್ಲಿಂದ ಬಂತು? ಆಕೆಯನ್ನು ಕ್ಯಾಲೆಂಡರಿನ ಮುಂದೆ ಕರೆತಂದು, ಬೆರಳಿಟ್ಟು ಎಣಿಸಿ ತೋರಿಸೆಂದೆ. ಆಕೆ ನೀರು ಬಂದ ದಿನವನ್ನು ಬಿಟ್ಟು ಮರುದಿನದ ಮೇಲೆ ಬೆರಳಿಟ್ಟು ಒಂದು ಎಂದಳು.

ನೀರು ಬಂದ ದಿನವನ್ನೇ ಬಿಟ್ಟೆಯಲ್ಲ ಎಂದೆ.

"ಅವತ್ತ ಎಲ್ಲಿ ದಿನಾ ಆತ್ರಿ? ದಿನಾ ಮುಗದ ಮ್ಯಾಲ ಒಂದು ಆಕೈತಿ," ಎಂದಳು ನೀಲಮ್ಮ. "ನಮ್ಮವ್ವನೂ ಹಿಂಗ ಎಣಸ್ತಿದ್ಲು, ಆಕೀ ಅವ್ವನೂ ಹಿಂಗ. ಓಣ್ಯಾಗ ಯಾರನ್ನರ ಕೇಳ್ರಿ. ನಿಮ್ಮಂಗ ಮುಗೀಲಾರದ್ದನ್ನ ಯಾರ ಎಣಸ್ತಾರು?"

ಓಣಿಯಲ್ಲಿ ಕೇಳಿದೆ. ಇಮಾಮಸಾಬರನ್ನು ಕೇಳಿದೆ. ಹಾಲು ತರುವವನನ್ನೂ ಶಿರಹಟ್ಟಿಯ ಬೀಗರನ್ನೂ ಕೇಳಿದೆ. ಎಲ್ಲರೂ ಮುಗಿದದ್ದನ್ನೇ ಎಣಿಸುತ್ತಿದ್ದರು. ಜಿಲ್ಲೆಯಲ್ಲಿ ನಡೆಯುತ್ತಿರುವುದನ್ನು ಎಣಿಸುವವನು ಬಹುಶಃ ನಾನೊಬ್ಬನೇ ಎಂಬ ತೀರ್ಮಾನಕ್ಕೆ ಬರುವಷ್ಟು ಸಾಕ್ಷ್ಯ ಒದಗಿತು. ಮನೆಗೆ ಬಂದು ಗಣಕದ ಮುಂದೆ ಕುಳಿತೆ. ಲೇಖನ ಪೂರ್ತಿಯಾಗಿತ್ತು, ಕಳುಹಿಸುವುದೊಂದೇ ಬಾಕಿ. ನನ್ನ ವಾದದ ಮುಖ್ಯ ಆಧಾರಸ್ತಂಭ ಪರದೆಯ ನಡುವೆಯೇ ಇತ್ತು: 'ಕೆರೆಯ ನೀರನ್ನು ಆಶ್ರಯಿಸಿದ ಈ ಭಾಗದ ಸಾಮಾನ್ಯ ಜನರು ಮುಗಿದ ಕಾಲವನ್ನು ಎಣಿಸುತ್ತಿದ್ದರೆಂಬುದಕ್ಕೆ ಲೇಶಮಾತ್ರವೂ ಆಧಾರ ದೊರೆಯುವುದಿಲ್ಲ.' ಅದನ್ನು ಹಲವು ಸಲ ಓದಿದೆ. ಈಗಲಾದರೂ ಒಮ್ಮೆ ಬೀಳಬಾರದೇ ಎಂದು ಯಂತ್ರವನ್ನು ನೋಡಿದೆ. ಪರದೆ ಅಲುಗಾಡದೆ ನಿಂತಿತ್ತು.

ಅಷ್ಟರಲ್ಲಿ ಗುರುಪಾದಪ್ಪನ ಫೋನು ಬಂತು. "ಸಂಪಾದಕರು ನಿನ್ನ ಸಲುವಾಗಿ ಅಚ್ಚು ನಿಂದ್ರಿಸ್ಯಾರ," ಎಂದ. ಈ ಸಲ ನಗಲಿಲ್ಲ. "ನಿಂದೂ ಬರಲಿ ಅಂತ ನಾನ ಹೇಳೇನಿ. ಒಂದ ಬದಿ ಜಗಳ ಓದಾಕ ಛಲೋ ಅನಸೂದಿಲ್ಲ. ಯಂತ್ರ ಇನ್ನೂ ಬೀಳಾಕತ್ತೈತೇನು?"

ನೀಲಮ್ಮ ಮಣ್ಣು ಒಣಗದಂತೆ ಹಿತ್ತಿಲಿನ ಕೊಳವೆಯ ಬುಡಕ್ಕೆ ನೀರು ಹಾಕಲು ಕೊಡ ಸೊಂಟದ ಮೇಲಿಟ್ಟುಕೊಂಡು ಅದೇ ಕೋಣೆಯನ್ನು ಹಾಯ್ದು ಹೋಗುತ್ತಿದ್ದಳು.

"ಹೌದು," ಎಂದೆ ಫೋನಿಗೆ, "ಇನ್ನೂ ಬೀಳಾಕತ್ತೈತಿ."

ಆಕೆ ನಿಂತಳು. ಉರಿಯುತ್ತಿದ್ದ ಪರದೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಕೊಡವನ್ನು ನಿಧಾನವಾಗಿ ನೆಲಕ್ಕಿಳಿಸಿದಳು. "ಹಂಗಾರ ಇವತ್ತ ನೀರ ಹಾಕ್ಲೋ, ಬ್ಯಾಡೋ?" ಎಂದು ಕೇಳಿದಳು.

ನೀಲಮ್ಮನ ಲೆಕ್ಕದಂತೆ ನೀರು ಬಂದು ಐದು ದಿನವಾಗಿತ್ತು. ಫೋನಿಟ್ಟು ಎದ್ದು, ಅಡುಗೆಮನೆಗೆ ಹೋಗಿ ಅಡ್ಡ ನಿಂತೆ.