ಬಣ್ಣ ಕೆರೆಯದೆ ಬೆಳಕಿಲ್ಲ

ಗಾಡಿ ಸೊಸೆಯದು, ಅದರ ಬಣ್ಣ ಮಾತ್ರ ಅತ್ತೆಯದು. ಹೀಗೆಂದು ಯಾವ ಕಾಗದದಲ್ಲೂ ಬರೆದಿರಲಿಲ್ಲ. ಬರೆದಿದ್ದರೆ ಹರಿದು ಹಾಕಬಹುದಿತ್ತು.

ಗಂಡ ಹೋದ ಮೇಲೆ ಅವಳಿಗೆ ಉಳಿದದ್ದು ಎರಡು. ಒಂದು ಪಿಕಪ್ ಗಾಡಿ, ಇನ್ನೊಂದು ಅವನ ತಾಯಿ. ಪಿಕಪ್ಪಿಗೆ ಬ್ರೇಕ್ ಇತ್ತು.

ನಸುಕಿನಲ್ಲಿ ಬೇಕರಿಯಿಂದ ಬ್ರೆಡ್ಡಿನ ಟ್ರೇ ತುಂಬಿಕೊಂಡು ಅಂಗಡಿ ಅಂಗಡಿಗೆ ಹಾಕಿ ಬರುವುದು ಅವಳ ಕೆಲಸ. ಮೊದಲು ಗಂಡನ ಕೆಲಸವಾಗಿತ್ತು. ಅವನಿಗೆ ಆ ದಾರಿ ಕಣ್ಣು ಮುಚ್ಚಿದರೂ ಗೊತ್ತು. ಇವಳಿಗೆ ಕಣ್ಣು ಬಿಟ್ಟರೂ ಕಾಣುತ್ತಿರಲಿಲ್ಲ. ಗಾಡಿಯ ಹೆಡ್‌ಲೈಟು ಮಿಣುಕುಹುಳಕ್ಕೆ ತಮ್ಮನಾಗಬೇಕು. ಒಂದು ದಿನ ಕಲ್ಲುಕ್ವಾರಿಯ ತಿರುವಿನಲ್ಲಿ ಚರಂಡಿಗೆ ಇಳಿಸಿದಳು. ಇನ್ನೊಂದು ದಿನ ಬೇಕರಿಯ ಗೇಟಿನ ಕಂಬಕ್ಕೆ ಮುತ್ತು ಕೊಟ್ಟಳು. ಸುದ್ದಿ ಗಂಡನ ಅಣ್ಣನ, ಅಂದರೆ ಭಾವನ, ಕಿವಿಗೆ ಬಿತ್ತು. (ಬಿತ್ತು ಎಂದರೆ, ಅತ್ತೆ ಫೋನ್ ಮಾಡಿ ಬೀಳಿಸಿದರು.)

"ಗಾಡಿ ಮಾರಿಬಿಡೋಣಮ್ಮ," ಎಂದರು ಭಾವ. "ನೀವಿಬ್ಬರೂ ಬಂದು ನಮ್ಮ ಮನೇಲಿರಿ. ಭಾನುವಾರ ಸಂಜೆ ಗಿರಾಕಿನ ಕರ್ಕೊಂಡು ಬರ್ತೀನಿ."

ಭಾವ ಒಳ್ಳೆಯವರೇ. ಆದರೆ ಅವರ ಮನೆಯಲ್ಲಿ ಊಟಕ್ಕೆ ಬಾಯಿ ತೆರೆಯಬಹುದು, ಮಾತಿಗೆ ತೆರೆಯುವಂತಿಲ್ಲ. ದುಡಿದು ತಿಂದ ಕೈಯನ್ನು ಅಲ್ಲಿ ಹೋಗಿ ಕಟ್ಟಿಕೊಂಡು ಕೂರಬೇಕು.

"ಮುಂದೆ ಎರಡು ದೊಡ್ಡ ದೀಪ ಹಾಕ್ತೀನಿ ಭಾವ. ನೋಡಿ ಆಮೇಲೆ ಹೇಳಿ."

"ಸರಿ. ದಾರಿ ಕಂಡ್ರೆ ಗಾಡಿ ನಿನ್ನದು. ಕಾಣದಿದ್ರೆ ಗಿರಾಕೀದು."

ವಯರಿಂಗ್ ಅಂಗಡಿಯವನಿಗೆ ಆ ವಾರ ಪುರುಸೊತ್ತಿರಲಿಲ್ಲ. ಸಾಮಾನು ಕೊಟ್ಟ, ಜೊತೆಗೆ ಉಪದೇಶವನ್ನೂ ಕೊಟ್ಟ.

"ಬ್ಯಾಟರಿಯಿಂದ ದಪ್ಪ ಕೆಂಪು ವಯರು ಎಳೀರಿ ಅಕ್ಕ. ಬ್ಯಾಟರಿ ಪಕ್ಕದಲ್ಲೇ ಫ್ಯೂಸು, ಆಮೇಲೆ ರಿಲೇ. ತಗಡಿನ ತೂತಲ್ಲಿ ವಯರು ಹೋಗೋ ಕಡೆ ರಬ್ಬರ್ ಹಾಕಿ. ಉಜ್ಜಿ ಉಜ್ಜಿ ವಯರು ಸವೆದ್ರೆ ದೀಪ ಅಲ್ಲ, ಗಾಡೀನೇ ಉರಿಯುತ್ತೆ."

"ರಿಲೇ ಅಂದ್ರೆ ಏನಪ್ಪ?"

"ಸ್ವಿಚ್ಚಿಗೂ ದೀಪಕ್ಕೂ ನಡುವೆ ನಿಲ್ಲೋದು. ಭಾರ ಎಲ್ಲ ತಾನು ಹೊತ್ತು, ಸ್ವಿಚ್ಚು ಸುಡದ ಹಾಗೆ ನೋಡಿಕೊಳ್ಳುತ್ತೆ."

ಅವಳಿಗೆ ಥಟ್ಟನೆ ಅರ್ಥವಾಯಿತು. ಅವಳ ಮನೆಯಲ್ಲೂ ಅಂಥದ್ದೊಂದು ಇತ್ತು. ಮದುವೆಯಾದಂದಿನಿಂದ ಅತ್ತೆಗೂ ಅವಳಿಗೂ ನಡುವೆ ನಿಂತಿತ್ತು. ಈಗ ನೇರ ವಯರು.

ಭಾನುವಾರ ಬೆಳಿಗ್ಗೆ ಅವಳು ಗಾಡಿಯ ಬಾನೆಟ್ ಎತ್ತಿದಳು. ಅತ್ತೆ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಮಹಾಮೇಲ್ವಿಚಾರಕಿಯ ಪದವಿಯನ್ನು ಸ್ವೀಕರಿಸಿದರು. (ಯಾರೂ ಕೊಟ್ಟಿರಲಿಲ್ಲ.)

"ಬ್ಯಾಟರಿ ವಯರು ಯಾಕೆ ಬಿಚ್ಚಿದೆ?"

"ಕಿಡಿ ಹಾರಬಾರದು ಅಂತ ಅತ್ತೆ."

"ನನ್ನ ಮಗ ಬಿಚ್ಚುತ್ತಲೇ ಇರ್ಲಿಲ್ಲ."

"ಅದಕ್ಕೇ ಒಂದು ಸಲ ಹುಬ್ಬು ಸುಟ್ಟುಕೊಂಡು ಬಂದಿದ್ರು."

ಫ್ಯೂಸು ಕೂತಿತು, ರಿಲೇ ಕೂತಿತು. ರಬ್ಬರಿನ ಬಳೆ ತೂತಿಗೆ ಕೂತಿತು. ಇಷ್ಟಕ್ಕೇ ಮಧ್ಯಾಹ್ನವಾಯಿತು, ಏಕೆಂದರೆ ಪ್ರತಿ ಸ್ಕ್ರೂವಿಗೂ ಒಂದು ವಿಚಾರಣೆ ನಡೆಯಿತು. ಉಳಿದದ್ದು ಒಂದೇ ಕೆಲಸ. ಕರೆಂಟು ವಾಪಸು ಹೋಗಲು ದೀಪಗಳ ಕಪ್ಪು ವಯರನ್ನು ಗಾಡಿಯ ಬರಿಯ ತಗಡಿಗೆ ಬಿಗಿಯಬೇಕು.

ಬರಿಯ ತಗಡು ಎಲ್ಲಿದೆ? ಗಂಡನಿಗೆ ನೀಲಿಯ ಹುಚ್ಚು. ಗಾಡಿಗೆ ತಾನೇ ಕೂತು ನೀಲಿ ಬಳಿದಿದ್ದ. ಬೋಲ್ಟಿಗೂ ಬಳಿದಿದ್ದ. ಮಿಕ್ಕ ಬಣ್ಣವನ್ನು ನೀರಿನ ಡ್ರಮ್ಮಿಗೆ, ಸ್ಟೂಲಿಗೆ, ಕೊನೆಗೆ ತಾಯಿಯ ಊರುಗೋಲಿಗೆ ಬಳಿದಿದ್ದ. ಅತ್ತೆ ಈಗ ಅದೇ ಊರುಗೋಲು ಎತ್ತಿದರು.

"ಆ ಬಣ್ಣಕ್ಕೆ ಕೈ ಹಚ್ಚಿದ್ರೆ ನೋಡು! ನನ್ನ ಮಗ ಬಳಿದಿದ್ದು ಅದು."

"ಉಗುರಿನಷ್ಟು ಜಾಗ ಕೆರೀಬೇಕು ಅತ್ತೆ, ಅಷ್ಟೇ."

"ಉಗುರಿನಷ್ಟು ಅಂತಲೇ ಎಲ್ಲ ಶುರುವಾಗೋದು. ಇವತ್ತು ಉಗುರು, ನಾಳೆ ಬಾಗಿಲು."

"ಬಾಗಿಲು ಕೆರೆಯೋಕೆ ನನಗೇನು ಹುಚ್ಚಾ?"

"ಅದು ನನಗೆ ಹೇಗೆ ಗೊತ್ತು? ನೀನೇ ಹೇಳಬೇಕು."

ಅವಳು ಹಲ್ಲು ಕಚ್ಚಿ ಬಣ್ಣದ ಮೇಲೆಯೇ ವಯರು ಬಿಗಿದಳು. ಬ್ಯಾಟರಿ ಸೇರಿಸಿ ಸ್ವಿಚ್ಚು ಒತ್ತಿದಳು. ರಿಲೇ ಟಿಕ್ ಎಂದಿತು. ದೀಪಗಳು ಒಮ್ಮೆ ಕಣ್ಣು ಪಿಳುಕಿಸಿ ಮಲಗಿದವು. ಮತ್ತೆ ಒತ್ತಿದಳು, ಟಿಕ್. ಫ್ಯೂಸು ನೋಡಿದಳು, ಸರಿಯಿತ್ತು. ಅಂಗಡಿಯವನಿಗೆ ಫೋನ್ ಮಾಡಿದಳು.

"ಬಣ್ಣ ಕೆರೆದ್ರಾ ಅಕ್ಕ?"

"ಇಲ್ಲಪ್ಪ."

"ಮತ್ತೆ ಕರೆಂಟು ಏನು ಗೋಡೆ ಹಾರಿ ಹೋಗುತ್ತಾ? ಕೆರೀರಿ."

ಅತ್ತೆ ಎಲ್ಲ ಕೇಳಿಸಿಕೊಂಡರು. ಬಿಸಿಲು ಇಳಿಯುತ್ತಿತ್ತು. ಭಾವ ಹೊರಟಾಗಿತ್ತು. ಅತ್ತೆ ಊರುಗೋಲು ಕೆಳಗಿಟ್ಟರು.

"ಕೆರಿ. ಹಾಳಾಗಿ ಹೋಗ್ಲಿ."

ಇದಕ್ಕಾಗಿಯೇ ದಿನವಿಡೀ ಕಾದಾಡಿದವಳು ಎಮರಿ ಪೇಪರ್ ಹಿಡಿದು ಬಗ್ಗಿದಳು. ಬೋಲ್ಟಿನ ಪಕ್ಕ ಬ್ರಶ್ಶಿನ ಒಂದು ಕೂದಲು ಬಣ್ಣದಲ್ಲೇ ಅಂಟಿಕೊಂಡಿತ್ತು. ಅವಳು ಅದನ್ನೇ ನೋಡುತ್ತ ನಿಂತಳು.

"ಏನಾಯ್ತು?"

"ಪೇಪರು ಸರಿ ಇಲ್ಲ ಅತ್ತೆ."

"ತಿರುಗಿಸಿ ಹಿಡಿ."

"ಬೆಳಕು ಸಾಲದು."

"ಬೆಳಿಗ್ಗೆಯಿಂದ ನನ್ನ ಮೇಲೆ ಹಾರಾಡಿದೆ. ಈಗ ನಿನಗೇ ಕೈ ಬರ್ತಿಲ್ಲ. ಕೊಡಿಲ್ಲಿ!"

ಅತ್ತೆ ಎಮರಿ ಪೇಪರ್ ಕಿತ್ತುಕೊಂಡು ಕರಕರ ಕೆರೆದರು. ನೀಲಿ ಉದುರಿತು. ಕೆಳಗೆ ತಗಡು ಬೆಳ್ಳಗೆ ಹೊಳೆಯಿತು.

"ಉಗುರಿನಷ್ಟು ಅಂದೆಯಲ್ಲ? ತಗೋ, ಎರಡು ಉಗುರು."

 

ವಯರು ಬಿಗಿಯುವುದಕ್ಕೂ ಭಾವ ಬರುವುದಕ್ಕೂ ಸರಿಹೋಯಿತು. ಕತ್ತಲಾಗುತ್ತಿತ್ತು. ಭಾವ ಮತ್ತು ಗಿರಾಕಿ ಗಾಡಿಯ ಮುಂದೆಯೇ ಸೊಂಟಕ್ಕೆ ಕೈಯಿಟ್ಟು ನಿಂತರು.

"ಹಾಕಮ್ಮ, ನೋಡೋಣ."

ಹಾಕಿದಳು.

"ಅಯ್ಯಯ್ಯೋ!" ಭಾವ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಗಿರಾಕಿ ಹಿಂದೆ ಸರಿದು ನೀರಿನ ಡ್ರಮ್ಮಿನ ಮೇಲೆ ಕೂತ. ಮುಚ್ಚಳ ಇರಲಿಲ್ಲ.

"ಕಂಡಿತಾ ಭಾವ?"

"ಇನ್ನು ಏನೂ ಕಾಣಲ್ಲಮ್ಮ, ಆರಿಸು!"

ದೀಪಗಳ ಮುಖವನ್ನು ಕೆಳಕ್ಕೆ ಬಗ್ಗಿಸಿ ಮತ್ತೆ ಹಾಕಿದಳು. ಬೀದಿಯ ಒಂದೊಂದು ಬೆಣಚುಕಲ್ಲೂ ಎದ್ದು ಕಂಡಿತು. ಗಿರಾಕಿ ಪ್ಯಾಂಟು ಹಿಂಡಿಕೊಂಡು ಮನೆಗೆ ಹೋದ. ಭಾವ ಕೊಟ್ಟ ಮಾತಿಗೆ ತಪ್ಪಲಿಲ್ಲ.

"ಗಾಡಿ ನಿನ್ನದೇ ಕಣಮ್ಮ. ಆದ್ರೆ ಆ ಹೊತ್ತಲ್ಲಿ ಒಬ್ಬಳೇ ಹೋಗೋದು ಅಂದ್ರೆ..."

"ಒಬ್ಬಳೇ ಯಾಕೆ? ನಾನಿಲ್ವಾ?" ಎಂದರು ಅತ್ತೆ. "ಕತ್ತಲೆ ಅಂತ ಇಷ್ಟು ದಿನ ಸುಮ್ಮನಿದ್ದೆ. ಈಗ ನನಗೂ ಎಲ್ಲ ಕಾಣುತ್ತೆ."

"ಅದು ಸರಿ. ಅಮ್ಮ ಜೊತೆಗಿದ್ರೆ ನನಗೆ ಚಿಂತೆಯಿಲ್ಲ," ಎಂದರು ಭಾವ.

ಮರುದಿನ ನಸುಕಿಗೆ ಅತ್ತೆ ಅವಳಿಗಿಂತ ಮೊದಲೇ ಗಾಡಿಯಲ್ಲಿ ಕೂತಿದ್ದರು.

"ಗುಂಡಿ."

"ಕಂಡೆ ಅತ್ತೆ."

"ಕಲ್ಲು. ನಾಯಿ. ನಾಯಿ ಈ ಕಡೆ ನೋಡ್ತಿದೆ. ನನ್ನ ಮಗ ಇಲ್ಲಿ ಗೇರು ಬದಲಾಯಿಸ್ತಿದ್ದ."

ಕ್ವಾರಿಯ ತಿರುವು ದಾಟಿತು. ಬೀದಿದೀಪಗಳ ನೇರ ರಸ್ತೆ ಬಂದದ್ದೇ ಅವಳು ಟಪ್ಪನೆ ಸ್ವಿಚ್ಚು ಆರಿಸಿದಳು.

"ಯಾಕೆ ಆರಿಸಿದೆ?"

"ಎದುರು ಗಾಡಿಯವರ ಕಣ್ಣಿಗೆ ಹೊಡೆಯುತ್ತೆ ಅತ್ತೆ."

"ಎಲ್ಲಿದೆ ಗಾಡಿ?"

"ಬರುತ್ತೆ."

ಅತ್ತೆ ಸೀಟಿನಲ್ಲಿ ಸರಿಯಾಗಿ ಒರಗಿ ಕೂತರು. "ಬರಲಿ ಬಿಡು. ಮಾತಾಡೋಕೆ ನನಗೇನು ಬೆಳಕು ಬೇಕಾ?"