ಚಳ್ಳಕೆರೆಗೆ ಸಮುದ್ರ ತಂದದ್ದು

ನಾನು ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದಿನದನ್ನೆಲ್ಲ ಓದಿದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ.

ನಮ್ಮವ್ವ ಸಮುದ್ರ ನೋಡಿರಲಿಲ್ಲ. ನನ್ನಿವಾಳದಲ್ಲಿ ಹುಟ್ಟಿ, ಮದುವೆಯಾಗಿ ಚಳ್ಳಕೆರೆಗೆ ಬಂದವಳು. ಅವಳು ಕಂಡ ಅತಿ ದೊಡ್ಡ ನೀರೆಂದರೆ ಮಾರಿಕಣಿವೆಯ ಅಣೆಕಟ್ಟು. ಅದನ್ನು ನೋಡಿ ಬಂದ ದಿನ, "ಸಮುದ್ರ ಇದಕ್ಕಿಂತ ದೊಡ್ಡದಾಗಿ ಇರ್ತೈತೇನೋ ತಿಪ್ಪೇಶಿ?" ಎಂದು ಕೇಳಿದ್ದಳು. "ಬೇಸಿಗೆ ರಜೆಗೆ ಕರ್ಕೊಂಡು ಹೋಗ್ತೀನಿ, ನೀನೇ ನೋಡ್ವಂತೆ" ಎಂದಿದ್ದೆ. ಆಮೇಲೆ ಎಷ್ಟೋ ಬೇಸಿಗೆ ಬಂದು ಹೋದವು. ಒಂದು ವರ್ಷ ಉತ್ತರ ಪತ್ರಿಕೆ ತಿದ್ದುವುದು, ಇನ್ನೊಂದು ವರ್ಷ ಚುನಾವಣೆ, ಮತ್ತೊಂದು ವರ್ಷ ಜನಗಣತಿ. ಸರ್ಕಾರ ಯಾವ ಕೆಲಸವನ್ನೂ ಕೊಡದ ವರ್ಷ ನಾನೇ ಒಂದು ಕಾರಣ ಕಂಡುಹಿಡಿದೆ. "ಅವ್ವನಿಗೆ ಮೊಣಕಾಲು ನೋವು, ಅಷ್ಟು ದೂರ ಬಸ್ಸಲ್ಲಿ ಕೂರೋಕಾಗಲ್ಲ" ಎಂದು ಎಲ್ಲರಿಗೂ ಹೇಳಿದೆ. ಅವ್ವ ಸುಮ್ಮನಿದ್ದಳು. ಆ ಮೌನವನ್ನು ನಾನು ಒಪ್ಪಿಗೆ ಎಂದು ದಾಖಲಿಸಿಕೊಂಡೆ.

ಹೀಗಿರಲು, ಸುಮಾರು ಇಪ್ಪತ್ತು ವರ್ಷದ ಹಿಂದೆ, ತರಬೇತಿಗೆಂದು ಬೆಂಗಳೂರಿಗೆ ಹೋದವನು ಅಲ್ಲಿ ಒಂದು ಮೀನಿನ ಅಂಗಡಿ ಹೊಕ್ಕೆ. ದೊಡ್ಡ ಗಾಜಿನ ತೊಟ್ಟಿಯಲ್ಲಿ ಕಿತ್ತಳೆ ಬಣ್ಣದ, ಬಿಳಿ ಪಟ್ಟೆಯ ಪುಟ್ಟ ಮೀನುಗಳು ಓಡಾಡುತ್ತಿದ್ದವು. ಸಮುದ್ರದ ಮೀನಂತೆ, ಸಮುದ್ರದ ಕಲ್ಲಂತೆ, ನೀರು ಮಾತ್ರ ಅಂಗಡಿಯವನೇ ಉಪ್ಪಿನ ಪುಡಿ ಬೆರೆಸಿ ಮಾಡಿದ್ದಂತೆ. ನನಗೆ ಅಲ್ಲೇ ಜ್ಞಾನೋದಯವಾಯಿತು. ಅವ್ವ ಸಮುದ್ರಕ್ಕೆ ಹೋಗಲಾರಳು, ಸರಿ. ಸಮುದ್ರವೇ ಅವ್ವನ ಹತ್ತಿರ ಬಂದರೆ?

ತೊಟ್ಟಿ, ತೂತು ತೂತಿನ ಕಡಲ ಕಲ್ಲು, ಒಂದು ಪೊಟ್ಟಣ ಉಪ್ಪಿನ ಪುಡಿ ಎಲ್ಲ ಹೊತ್ತುಕೊಂಡು ಊರಿಗೆ ಬಂದೆ. ಅಂಗಡಿಯವನು ಒಂದು ಅಚ್ಚು ಮಾಡಿದ ಹಾಳೆಯನ್ನೂ ಕೊಟ್ಟಿದ್ದ. ಮೀನನ್ನು ತಕ್ಷಣ ಬಿಡಬಾರದು. ಮೊದಲು ತೊಟ್ಟಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯಬೇಕು, ಅದಕ್ಕೆ ಆರು ವಾರ ಬೇಕು ಎಂದು ಅದರಲ್ಲಿತ್ತು. ನಾನು ನಕ್ಕೆ. ನೈಟ್ರೋಜನ್ ಚಕ್ರವನ್ನು ಹದಿನೈದು ವರ್ಷ ಬೋರ್ಡಿನ ಮೇಲೆ ಬರೆದವನು ನಾನು. ನನಗೇ ಪಾಠವೇ?

ತೊಟ್ಟಿ ಪಡಸಾಲೆಯಲ್ಲಿ ಸ್ಥಾಪನೆಯಾಯಿತು. ನನ್ನ ಹೆಂಡತಿ ಶಾರದಾ ಮೊಳಕಾಲ್ಮೂರಿನವಳು. ಮಾಮೂಲಿ ಮಾತೆಲ್ಲ ಕನ್ನಡದಲ್ಲಿ ಆಡುತ್ತಾಳೆ, ಸಿಟ್ಟು ಬಂದರೆ ಮಾತ್ರ ತೆಲುಗಿಗೆ ಇಳಿಯುತ್ತಾಳೆ. ಅವಳು ತೊಟ್ಟಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ರೀ, ಇದಕ್ಕೆ ಸಿಹಿ ನೀರು ಹಾಕ್ಬೇಡಿ. ವಾರಕ್ಕೊಂದ್ಸಲ ನಲ್ಲಿ ಬರ್ತೈತೆ. ಕುಡಿಯೋಕೇ ಸಾಲಲ್ಲ" ಎಂದಳು.

"ಬೋರ್‌ವೆಲ್ ನೀರೇ ಸಾಕು. ಆ ನೀರಲ್ಲಿ ಬೇಳೆ ಬೇಯಲ್ಲ, ಸೋಪು ನೊರೆ ಬರಲ್ಲ. ಅಂದ್ರೆ ಅರ್ಧ ಸಮುದ್ರ ಆಗ್ಲೇ ಅದರಲ್ಲೈತೆ" ಎಂದು ನಾನು ವೈಜ್ಞಾನಿಕವಾಗಿ ವಿವರಿಸಿದೆ.

ಪೊಟ್ಟಣದ ಪುಡಿಯನ್ನು ಹಾಳೆಯಲ್ಲಿ ಹೇಳಿದ ಅಳತೆಗೆ ಸರಿಯಾಗಿ ಬೆರೆಸಿದೆ. ಅಲ್ಲಿಗೆ ಕೈ ಕಟ್ಟಿ ಕೂತಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಉಪ್ಪಿನ ಪ್ರಮಾಣವನ್ನು ಹೈಡ್ರೋಮೀಟರಿನಿಂದ ಪರೀಕ್ಷಿಸಿ ಎಂದೂ ಹಾಳೆಯಲ್ಲಿತ್ತು. ಶಾಲೆಯ ಹೈಡ್ರೋಮೀಟರು ಬೀರುವಿನಲ್ಲಿ, ಬೀರುವಿನ ಕೀಲಿ ಹೆಡ್‌ಮಾಸ್ಟರ ಜೇಬಿನಲ್ಲಿ, ಹೆಡ್‌ಮಾಸ್ಟರು ರಜೆಗೆಂದು ಅವರ ಊರಿನಲ್ಲಿ. ನಾನು ನೇರ ಬಾಷಾನ ಅಂಗಡಿಗೆ ಹೋದೆ.

ಬಾಷಾ ನಮ್ಮ ಬೀದಿಯವನೇ. ಲಾರಿ, ಟ್ರ್ಯಾಕ್ಟರುಗಳ ಬ್ಯಾಟರಿ ರಿಪೇರಿ ಮಾಡುತ್ತಾನೆ. ಅವನ ಬಳಿ ಬ್ಯಾಟರಿಯ ಆಸಿಡ್ ನೋಡುವ ಹೈಡ್ರೋಮೀಟರ್ ಇತ್ತು. ದಪ್ಪ ಗಾಜಿನ ಕೊಳವೆ, ತುದಿಗೆ ರಬ್ಬರು, ಒಳಗೆ ತೇಲುವ ಒಂದು ಪುಟ್ಟ ಗಾಜಿನ ಕಡ್ಡಿ. ಕಡ್ಡಿಯ ಮೇಲಿನ ಅಂಕಿಗಳು ಎಂದೋ ಅಳಿಸಿಹೋಗಿ ಕೆಂಪು, ಹಳದಿ, ಹಸಿರು ಬಣ್ಣಗಳಷ್ಟೇ ಉಳಿದಿದ್ದವು.

"ಇದು ಆಸಿಡ್‌ಗೆ ಇರೋದು ಸಾರ್. ಉಪ್ಪು ನೀರಿಗೆ ನಡೀತೈತಾ?" ಎಂದು ಬಾಷಾ ಕೇಳಿದ.

"ಸಾಂದ್ರತೆ ಅನ್ನೋದು ಎಲ್ಲಾ ದ್ರವಕ್ಕೂ ಒಂದೇ ಬಾಷಾ. ಆಸಿಡ್ ಆದ್ರೇನು, ಸಮುದ್ರ ಆದ್ರೇನು" ಎಂದೆ.

"ನೀವು ಓದಿದೋರು" ಎಂದು ಅವನು ಕೊಳವೆ ಹಿಡಿದು ನನ್ನ ಜೊತೆ ಮನೆಗೆ ಬಂದ. ಇಂದಿಗೂ ಆ ಮನುಷ್ಯ ಸಿಕ್ಕಾಗಲೆಲ್ಲ ನನಗೆ ಆ ಮಾತು ನೆನಪಾಗುತ್ತದೆ.

ಕೊಳವೆಯನ್ನು ಮೂರು ಸಲ ತೊಳೆದು ತೊಟ್ಟಿಯ ನೀರು ಎಳೆದೆವು. ಕಡ್ಡಿ ತೇಲಲಿಲ್ಲ. ತಳದಲ್ಲಿ ಹೋಗಿ ಮಲಗಿತು. ಬಾಷಾ ಬಗ್ಗಿ ನೋಡಿ, "ಫುಲ್ ಡಿಸ್ಚಾರ್ಜ್ ಸಾರ್" ಎಂದು ವರದಿ ಕೊಟ್ಟ.

ಬೆಂಗಳೂರಿನವನು ಉಪ್ಪಿಲ್ಲದ ಪುಡಿ ಕೊಟ್ಟು ಮೋಸ ಮಾಡಿದ್ದಾನೆಂದು ನಾನು ತೀರ್ಪಿತ್ತೆ. ಸಂತೆಯಿಂದ ಒಂದು ಮೂಟೆ ಕಲ್ಲುಪ್ಪು ತಂದೆ. ಒಂದು ಪಾವು ಹಾಕಿದೆ, ಕಡ್ಡಿ ಏಳಲಿಲ್ಲ. ಒಂದು ಸೇರು ಹಾಕಿದೆ, ಏಳಲಿಲ್ಲ. ಕೊನೆಗೆ ಮೊರದಲ್ಲಿ ಸುರಿಯತೊಡಗಿದೆ. ಪಕ್ಕದಲ್ಲಿ ಕಡಲೆಕಾಯಿ ಸುಲಿಯುತ್ತ ಕೂತಿದ್ದ ಅವ್ವ ಬಹಳ ಹೊತ್ತು ನೋಡಿದಳು.

"ಲೇ, ಹಾಕ್ತಾನೇ ಇದ್ದೀಯಲ್ಲೋ. ಒಂದ್ಸಲ ನಾಲಿಗೆ ಮೇಲೆ ಇಟ್ಟು ನೋಡು."

"ಅವ್ವ, ವಿಜ್ಞಾನದಾಗೆ ನಾಲಿಗೆಗೆ ಜಾಗ ಇಲ್ಲ."

"ಅಷ್ಟು ಉಪ್ಪು ಎಲ್ಲಾದ್ರೂ ಇರ್ತೈತೇನೋ?"

"ನೀನೇನು ಸಮುದ್ರ ನೋಡಿದೀಯಾ?" ಎಂದುಬಿಟ್ಟೆ.

ಅವ್ವ ಕಾಯಿ ಸುಲಿಯುವುದನ್ನು ಮುಂದುವರಿಸಿದಳು. ಆ ಮಾತು ಆಡಬಾರದಿತ್ತು ಎಂದು ನನಗೆ ಅನ್ನಿಸಬೇಕಿತ್ತು. ಆದರೆ ಅದೇ ಹೊತ್ತಿಗೆ ಕಡ್ಡಿ ಮೆಲ್ಲಗೆ ಎದ್ದು ಕೆಂಪು ಬಣ್ಣದವರೆಗೆ ಬಂತು. ಬಾಷಾ ಹಸಿರು ಬರುವವರೆಗೆ ಬಿಡಬೇಡಿ ಎಂದ. ಮೂಟೆಯಲ್ಲಿ ಉಪ್ಪು ಮುಗಿದಿತ್ತು, ಅದಕ್ಕೇ ಬಿಟ್ಟೆ.

ಇನ್ನು ಬ್ಯಾಕ್ಟೀರಿಯಾ. ಅವಕ್ಕೆ ತಿನ್ನಲು ತೊಟ್ಟಿಯಲ್ಲಿ ಒಂದು ಸೀಗಡಿ ಚೂರು ಕೊಳೆಯಬೇಕಂತೆ. ನಮ್ಮದು ಮೀನು, ಮಾಂಸ ಮುಟ್ಟದ ಸೊಪ್ಪು ಸಾರಿನ ಮನೆ. ಸೀಗಡಿ ಊರಲ್ಲೂ ಇಲ್ಲ. ಬಾಷಾ ಸಂತೆಯಿಂದ ನಾಲ್ಕು ಒಣ ಮೀನು ತಂದು ಕಾಗದದಲ್ಲಿ ಸುತ್ತಿ ಕೊಟ್ಟ. ಒಂದು ಚೂರು ಎಂದಿತ್ತು ಹಾಳೆ. ನಾಲ್ಕು ಇದ್ದರೆ ಚಕ್ರ ನಾಲ್ಕು ಪಟ್ಟು ಬೇಗ ತಿರುಗುತ್ತದೆಂದು ಲೆಕ್ಕ ಹಾಕಿ, ಯಾರೂ ಇಲ್ಲದ ಹೊತ್ತು ನೋಡಿ ಕಲ್ಲಿನ ಹಿಂದೆ ನಾಲ್ಕನ್ನೂ ಸೇರಿಸಿದೆ.

ಮೂರನೆಯ ದಿನ ಶಾರದಾ ಮೂಗು ಮುಚ್ಚಿಕೊಂಡು, "ಅಟ್ಟದ ಮೇಲೆ ಇಲಿ ಸತ್ತೈತೆ" ಎಂದು ಘೋಷಿಸಿದಳು.

ಆಗ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಬದಲಿಗೆ ಪಂಚೆ ಎತ್ತಿ ಕಟ್ಟಿ ಅಟ್ಟ ಹತ್ತಿದೆ. ರಾಗಿ ಚೀಲ ಇಳಿಸಿದೆ, ಹಳೇ ಕಂಬಳಿಗಳನ್ನೆಲ್ಲ ಕೊಡವಿದೆ, ತಾಮ್ರದ ಹಂಡೆಯೊಳಗೆ ತಲೆ ಹಾಕಿ ನೋಡಿದೆ. ಮಾರನೆಯ ದಿನ ಹೆಂಚು ತೆಗೆದೆ. "ಇಲ್ಲೂ ಇಲ್ಲ" ಎಂದು ಮೇಲಿಂದ ಕೂಗುವಾಗ ನನ್ನ ದನಿಯಲ್ಲಿದ್ದ ಪ್ರಾಮಾಣಿಕತೆಗೆ ನಾನೇ ಬೆರಗಾದೆ. ಇಲಿಯೊಂದು ಸಿಕ್ಕಿಬಿಟ್ಟಿದ್ದರೆ ಅದಕ್ಕೆ ಕೈ ಮುಗಿಯುತ್ತಿದ್ದೆ. ನಮ್ಮ ದುರದೃಷ್ಟಕ್ಕೆ ಮನೆಯಲ್ಲಿ ಒಂದೇ ಒಂದು ಇಲಿ ಇರಲಿಲ್ಲ.

ಐದನೆಯ ದಿನ ತೊಟ್ಟಿಯ ಒಣ ಮೀನು ತಾನಾಗಿಯೇ ತೇಲಿ ಮೇಲೆ ಬಂತು. ಆ ಹೊತ್ತಿಗೆ ಶಾರದಾ ಅಲ್ಲೇ ಕಸ ಗುಡಿಸುತ್ತಿದ್ದಳು.

"ಚಾಲು!" ಎಂದಳು. ತೆಲುಗಿನಲ್ಲಿ ಸಾಕು ಎಂದರ್ಥ. ಮುಂದಿನದಕ್ಕೆ ನಾನು ಅರ್ಥ ಕೇಳಲಿಲ್ಲ. ಆಮೇಲೆ ಹದಿನೈದು ದಿನ ನನ್ನ ಊಟ ಜಗಲಿಯ ಮೇಲೆ ನಡೆಯಿತು.

ಇನ್ನು ಬೀದಿಯ ಜನ. ಮೇಷ್ಟ್ರ ಮನೆಗೆ ಸಮುದ್ರ ಬಂದಿದೆಯೆಂದು ಬಂದವರು ಕಲ್ಲು, ನೀರು ನೋಡಿ, "ಮೀನೆಲ್ಲಿ ಮೇಷ್ಟ್ರೇ?" ಎನ್ನುತ್ತಿದ್ದರು.

"ಈಗ ಬ್ಯಾಕ್ಟೀರಿಯಾ ಬೆಳೀತಾ ಅವೆ."

"ಕಾಣಂಗಿಲ್ಲವಲ್ಲ."

"ಅವು ಕಣ್ಣಿಗೆ ಕಾಣಲ್ಲ."

ಅವರು ನನ್ನ ಕಡೆ ಒಮ್ಮೆ, ಶಾರದಾಳ ಕಡೆ ಒಮ್ಮೆ ನೋಡಿ, ಅವಳಿಗೇ ಧೈರ್ಯ ಹೇಳಿ ಹೋಗುತ್ತಿದ್ದರು. ಅವ್ವ ಮಾತ್ರ ದಿನಾ ಬೆಳಿಗ್ಗೆ ತೊಟ್ಟಿಯ ಮುಂದೆ ಮಣೆ ಹಾಕಿಕೊಂಡು ಕೂರುತ್ತಿದ್ದಳು. ಗೋಡೆಯ ಕ್ಯಾಲೆಂಡರಿನಲ್ಲಿ ಆರು ವಾರವನ್ನು ಕುಂಕುಮದ ಬೊಟ್ಟಿಟ್ಟು ಎಣಿಸಿದವಳು ಅವಳು. ಅದನ್ನು ನೋಡಿದಾಗಲೆಲ್ಲ ನನಗೆ ಹೆಮ್ಮೆಯಾಗುತ್ತಿತ್ತು. ಈ ಸಲವಾದರೂ ಮಾತು ಉಳಿಸಿಕೊಳ್ಳುತ್ತೇನಲ್ಲ ಎಂದು.

ಆರು ವಾರ ತುಂಬಿತು. ಮೀನಿನ ಅಂಗಡಿಗೆ ಫೋನು ಮಾಡಿದೆ. ಬೆಂಗಳೂರಿಗೆ ಸಾಮಾನು ತರಲು ಹೋಗಿದ್ದ ಬಾಷಾ ಭಾನುವಾರ ಮಧ್ಯಾಹ್ನದ ಬಸ್ಸಿಗೆ ಮೀನು ತಂದ. ಗಾಳಿ ತುಂಬಿ ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಒಂದೇ ಒಂದು ಕಿತ್ತಳೆ ಮೀನು. ಬೀದಿಯೇ ನಮ್ಮ ಪಡಸಾಲೆಯಲ್ಲಿತ್ತು. ಅವ್ವ ಹಬ್ಬದ ಸೀರೆ ಉಟ್ಟಿದ್ದಳು. ನಾನು ಮೊದಲು ನೈಟ್ರೋಜನ್ ಚಕ್ರದ ಬಗ್ಗೆ ಹತ್ತು ನಿಮಿಷ ಮಾತಾಡಿ, ಆಮೇಲೆ ಚೀಲದ ದಾರಕ್ಕೆ ಕೈ ಹಾಕಿದೆ.

"ತಡಿ" ಎಂದಳು ಅವ್ವ. ತೊಟ್ಟಿಯಲ್ಲಿ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ, ಥೂ ಎಂದು ಅಂಗಳಕ್ಕೆ ಹೋಗಿ ಉಗಿದು ಬಂದಳು. "ನೀನೂ ನೋಡು. ನೋಡದೆ ಆ ಜೀವಾನ ಒಳಗೆ ಬಿಡಬ್ಯಾಡ."

ಇಷ್ಟು ಜನರೆದುರು ಅವ್ವನ ಮಾತು ತೆಗೆದುಹಾಕಲಾಗದೆ ಬೆರಳು ಅದ್ದಿ ನಾಲಿಗೆಗಿಟ್ಟೆ. ಕಣ್ಣಲ್ಲಿ ನೀರು ಬಂತು. ಕಿವಿ ಬಿಸಿಯಾಯಿತು.

ನಾನು ಓಡಿದ್ದು ಎಸ್‌ಟಿಡಿ ಬೂತಿಗೆ. ಪೊಟ್ಟಣದ ಪುಡಿ, ಬ್ಯಾಟರಿ ಹೈಡ್ರೋಮೀಟರು, ಕಲ್ಲುಪ್ಪಿನ ಮೂಟೆ, ಎಲ್ಲವನ್ನೂ ಅಂಗಡಿಯವನಿಗೆ ಒಪ್ಪಿಸಿದೆ. ಬ್ಯಾಟರಿ ಆಸಿಡ್‌ಗೆಂದು ಮಾಡಿದ ಕಡ್ಡಿ ನಿಜವಾದ ಸಮುದ್ರದ ನೀರಿನಲ್ಲೂ ಮುಳುಗಿಯೇ ಇರುತ್ತದೆ ಎಂದು ಅವನು ತಿಳಿಸಿದ.

"ಸಾರ್, ಅದರಲ್ಲಿ ಮೀನು ಹಾಕಬೇಡಿ. ಮಾವಿನಕಾಯಿ ಹಾಕಿ."

ಚೀಲ ಬಿಚ್ಚದಿದ್ದರೆ ಮೀನು ನಾಳೆಯವರೆಗೆ ಚೆನ್ನಾಗಿರುತ್ತದೆ, ಇವತ್ತೇ ವಾಪಸು ತಂದರೆ ಇಟ್ಟುಕೊಳ್ಳುತ್ತೇನೆ ಎಂದ. ಸಂಜೆ ಬಸ್ಸಿಗೆ ಎರಡು ಗಂಟೆ ಇತ್ತು. ಆ ಎರಡು ಗಂಟೆಯೂ ಅವ್ವ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಮೀನು ಅವಳನ್ನು ನೋಡಿತು, ಅವಳು ಮೀನನ್ನು ನೋಡಿದಳು. "ಎಷ್ಟು ಚೆಂದ ಐತಲ್ಲ ಇದು" ಎಂದು ಆಗಾಗ ಶಾರದಾಗೆ ಹೇಳುತ್ತಿದ್ದಳು. ಅಷ್ಟು ದಿನ ಕಾದ ಮುದುಕಿಗೆ ನಾನು ತೋರಿಸಿದ್ದು ಒಂದು ಚೀಲದಷ್ಟು ಸಮುದ್ರ.

ಹೊರಡುವಾಗ ಚೀಲ ಕೊಡುತ್ತ ಅವ್ವ ಕೇಳಿದಳು: "ಬೆಂಗಳೂರಿಂದ ಬಂತು, ಈಗ ಮತ್ತೆ ಬೆಂಗಳೂರಿಗೆ ಹೊಂಟೈತೆ. ಇಷ್ಟುದ್ದ ಇರೋ ಇದಕ್ಕೇ ಬಸ್ಸಲ್ಲಿ ಕೂರೋಕಾಗ್ತೈತೆ. ನನಗಾಗಲ್ವೇನೋ?"

"ನಿನಗೆ ಮೊಣಕಾಲು ನೋವಲ್ವಾ ಅವ್ವ?"

"ಹಂಗಂತ ನಾನು ಯಾವಾಗ ಹೇಳಿದ್ದೆ? ಊರಿಗೆಲ್ಲ ಹೇಳಿದೋನು ನೀನು."

ಬಸ್ಸಲ್ಲಿ ಐದು ಗಂಟೆ ಮೀನನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಇಬ್ಬರೂ ಮಾತಾಡಲಿಲ್ಲ.

ಆ ವರ್ಷದ ದಸರಾ ರಜೆಗೆ ಅವ್ವ, ಶಾರದಾ, ನಾನು ಮುರುಡೇಶ್ವರಕ್ಕೆ ಹೋದೆವು. ದಾರಿಯುದ್ದಕ್ಕೂ ಅವ್ವ ಕಿಟಕಿಯ ಪಕ್ಕ ಕೂತು ಬಂದಳು. ಮೊಣಕಾಲು ಹಿಡಿದುಕೊಂಡು ನರಳಿದವನು ನಾನೊಬ್ಬನೇ. ಸಮುದ್ರ ಕಂಡ ಕೂಡಲೇ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ನೀರಿನಂಚಿಗೆ ಹೋಗಿ ನಿಂತಳು. ಅಲೆ ಬಂದು ಪಾದ ತೋಯಿಸಿ ಹೋಯಿತು, ಮತ್ತೆ ಬಂತು. ಬಹಳ ಹೊತ್ತು ಹಾಗೇ ನಿಂತಿದ್ದಳು. ಮಾರಿಕಣಿವೆಯ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಾನು ಪಕ್ಕದಲ್ಲಿ ನಿಂತು ಕಣ್ಣೊರೆಸಿಕೊಂಡೆ.

ಆಮೇಲೆ ಅವಳು ಬಗ್ಗಿ, ಒಂದು ಬೆರಳು ಅದ್ದಿ, ನಾಲಿಗೆಗೆ ಮುಟ್ಟಿಸಿಕೊಂಡಳು. ಯೋಚಿಸಿದಳು. ಇನ್ನೊಮ್ಮೆ ಮುಟ್ಟಿಸಿಕೊಂಡಳು.

"ತಿಪ್ಪೇಶಿ, ಈಗ ನಾನೂ ಸಮುದ್ರ ನೋಡೀನಲ್ಲ. ಈಗ ಒಂದು ಮಾತು ಹೇಳ್ಬೋದೇನೋ?"

"ಹೇಳವ್ವ."

"ಸಪ್ಪೆ ಐತೆ."